ನಡುವೆ ಕಡಿದ ಮಾತು

ಮಾರ್ಚ್ ೧೪, ಶನಿವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ವಟವಟಿಯ ನಮಸ್ಕಾರ. ನಿನ್ನ ಪತ್ರ ಮೇಜಿನ ಮೇಲೆ ಕೂತು ದಿನಾ ನನ್ನನ್ನು ಗುರಾಯಿಸುತ್ತಿತ್ತು. ತಡವಾಯಿತು, ಬೈದುಕೋ. ಆದರೆ ಅದಕ್ಕೆ ಮೊದಲು ನನ್ನ ಸಿಟ್ಟನ್ನಷ್ಟು ಓದಿಬಿಡು. ಒಳಗೇ ಇಟ್ಟುಕೊಂಡು ಉಂಡದ್ದು ಅರಗುತ್ತಿಲ್ಲ.

ಕಿವಿ ಕೇಳದವರು ಆಸ್ಪತ್ರೆಗೋ ಬ್ಯಾಂಕಿಗೋ ಹೋದಾಗ, ಎದುರಿನವರ ಮಾತನ್ನು ನಾನು ಮನೆಯಿಂದಲೇ ಲ್ಯಾಪ್‌ಟಾಪಿನಲ್ಲಿ ಕೇಳಿ ಟೈಪ್ ಮಾಡುತ್ತೇನೆ, ಅದು ಅವರ ಫೋನಿನಲ್ಲಿ ಅಕ್ಷರವಾಗಿ ಮೂಡುತ್ತದೆ. ನಿನಗೆ ಕಿವಿ ಹೋದ ಮೇಲೆಯೇ ಅಲ್ಲವೇ ನಾನು ಈ ಕೆಲಸ ಹಿಡಿದದ್ದು. ಎರಡು ತಿಂಗಳಿಂದ ನನ್ನ ವೈಫೈಗೆ ಏನೋ ರೋಗ. ಚೆನ್ನಾಗೇ ಇರುತ್ತದೆ, ಇದ್ದಕ್ಕಿದ್ದಂತೆ ಕೈ ಎತ್ತಿಬಿಡುತ್ತದೆ.

ಹಾಗೆ ಕೈ ಎತ್ತಿದ್ದು ಒಬ್ಬ ಟೈಲರಮ್ಮನ ಸರದಿಯಲ್ಲಿ. ವಯಸ್ಸು ಅರವತ್ತರ ಆಸುಪಾಸು, ಬಲಗೈ ಹೆಬ್ಬೆರಳಿನ ಬುಡದಲ್ಲಿ ಸಹಿಸಲಾಗದ ನೋವು. ಡಾಕ್ಟರು ಎಕ್ಸ್‌ರೇ ನೋಡುತ್ತ ಸುಮ್ಮನಿದ್ದರು. ಆಮೇಲೆ, "ಆಪರೇಷನ್ ಮಾಡಿದ್ರೆ ನೋವು ಹೋಗುತ್ತೆ, ಆದ್ರೆ" ಅಂದರು. ಅಷ್ಟೇ, ಕಡಿಯಿತು. ಸಂಪರ್ಕ ಮರಳಿದಾಗ ಅವರು "ಅರ್ಥ ಆಯ್ತಲ್ಲ?" ಎನ್ನುತ್ತಿದ್ದರು. ಟೈಲರಮ್ಮ "ಹೂಂ" ಅಂದರು.

ಆ "ಹೂಂ" ಎಂಥದ್ದೆಂದು ನಿನಗೆ ನಾನು ಹೇಳಬೇಕೆ?

ನಡುವೆ ಮಾತು ತಪ್ಪಿತು, ಮತ್ತೊಮ್ಮೆ ಕೇಳಿ ಎಂದು ಗಡಬಡಿಸಿ ಟೈಪ್ ಮಾಡಿದೆ. ಆಕೆ ಕೇಳಿದರು. ಡಾಕ್ಟರು ಏನಂದರು ಗೊತ್ತೆ? "ಬಿಡಿಮ್ಮಾ, ನಿಮ್ಮ ಮಗನಿಗೆ ಎಲ್ಲಾ ಹೇಳಿದ್ದೀನಿ. ಅವರು ಹೇಳ್ತಾರೆ." ಈ ಮಾತನ್ನು ಮಾತ್ರ ಆ ಹಾಳು ವೈಫೈ ನುಂಗಲಿಲ್ಲ ನೋಡು! ನನ್ನ ಕೈಯಾರೆ ನಾನೇ ಟೈಪ್ ಮಾಡಬೇಕಾಯಿತು. ಬೆರಳು ಉರಿದುಹೋಯಿತು.

ಸಂಜೆ ನಮ್ಮ ಮೇಲ್ವಿಚಾರಕರಿಂದ ಫೋನು. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಎಲ್ಲರಂತೆ ವಿಂಡೋಸ್ ಅಲ್ಲ, ಲಿನಕ್ಸ್ ಎಂಬ ನೆಪವೊಂದು ಸಿಕ್ಕಿದೆ ಅವರಿಗೆ. "ಊರಿಗೆಲ್ಲ ಒಂದು, ನಿಮಗೇ ಒಂದಾ ಮೇಡಂ? ಬೇರೆ ಸಿಸ್ಟಮ್ ಹಾಕಿಸ್ಕೊಳ್ಳಿ" ಎಂದು ಫೋನಿಟ್ಟರು. ಇಂಟರ್ನೆಟ್ ಕಂಪನಿಯಿಂದ ಬಂದವನು ತನ್ನ ಫೋನು ನನ್ನ ಮುಖಕ್ಕೆ ಹಿಡಿದು, "ನೋಡಿ, ನನಗೆ ಫುಲ್ ಬರ್ತಿದೆ. ನೀವೇ ಏನೋ ಒತ್ತಿರ್ತೀರ" ಅಂದ. ನಾನು ಏನೋ ಒತ್ತಿರುತ್ತೇನಂತೆ! ದಿನವಿಡೀ ಒತ್ತುವುದೇ ನನ್ನ ಕಸುಬು ಕಣಯ್ಯಾ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಆಮೇಲೆ ಸೆರಗು ಬಿಗಿದು ನಾನೇ ಕೂತೆ. ರೌಟರ್ ಇರುವುದು ಕೆಳಗೆ, ಮನೆ ಮಾಲೀಕರ ಹಾಲಿನಲ್ಲಿ. ಅವರ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಮಣೆ ಹಾಕಿಕೊಂಡು, ಲ್ಯಾಪ್‌ಟಾಪಿಗೆ ನೇರ ಕೇಬಲ್ ಚುಚ್ಚಿ ಒಂದು ಬೆಳಗ್ಗೆಯೆಲ್ಲ ನೋಡಿದೆ. ಒಮ್ಮೆಯೂ ಕಡಿಯಲಿಲ್ಲ. ಅಂದರೆ ಲೈನು ಸರಿಯಾಗಿದೆ. ಕೇಬಲ್ ಕಿತ್ತು ಅಲ್ಲೇ ವೈಫೈಗೆ ಬಂದೆ. ರೌಟರ್ ಮೊಣಕೈಗೆ ತಾಗುವಷ್ಟು ಹತ್ತಿರವಿದ್ದರೂ ಕಡಿಯಿತು. ಅಂದರೆ ದೂರದ ತಪ್ಪೂ ಅಲ್ಲ. ಮಾಲೀಕರ ಹೆಂಡತಿ, "ಇನ್ನೆಷ್ಟು ಹೊತ್ತು ಕೂರ್ತೀರಮ್ಮಾ, ಚಪ್ಪಲಿ ಬಿಡೋಕೂ ಜಾಗ ಇಲ್ಲ" ಎಂದು ಎರಡೆರಡು ಸಲ ಹಾದುಹೋದರು.

ಕೂತು ಗಮನಿಸಿದಾಗ ಗುಟ್ಟು ಹೊಳೆಯಿತು. ಕರೆಯಲ್ಲಿ ಯಾರೂ ಮಾತಾಡದೆ ಒಂದಿಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಮಾತು ಶುರುವಾದಾಗಲೇ ಇದು ಕೈಕೊಡುವುದು. ಬ್ಯಾಟರಿ ಉಳಿಸಲೆಂದು ಲ್ಯಾಪ್‌ಟಾಪಿನೊಳಗಿನ ವೈಫೈ ಕಾರ್ಡಿಗೆ ತೂಕಡಿಸುವ ಅಭ್ಯಾಸ ಮಾಡಿಸಿದ್ದಾರೆ. ನನ್ನ ಮಹಾರಾಯ ತೂಕಡಿಸುವುದಷ್ಟೇ ಅಲ್ಲ, ಗೊರಕೆ ಹೊಡೆಯುತ್ತಿದ್ದ. ಡಾಕ್ಟರು ಎಕ್ಸ್‌ರೇ ನೋಡಿ ಬಾಯಿ ತೆರೆದಾಗ ಆದದ್ದೂ ಅದೇ. ಒಂದು ಆಜ್ಞೆ ಟೈಪಿಸಿ ಆ ಉಳಿತಾಯ ನಿಲ್ಲಿಸಿದೆ. ಸರಿಹೋಯಿತು. ಮರುದಿನ ಲ್ಯಾಪ್‌ಟಾಪ್ ತೆರೆದರೆ ಮತ್ತೆ ಅದೇ ಗೊರಕೆ! ಹುಡುಕುತ್ತ ಹೋದರೆ, ಸೆಟ್ಟಿಂಗಿನ ಫೈಲೊಂದು ಪ್ರತಿಸಲವೂ ಉಳಿತಾಯವನ್ನು ಮತ್ತೆ ಶುರುಮಾಡುತ್ತಿತ್ತು. ಮೂರು ಅಂದರೆ ಉಳಿಸು, ಎರಡು ಅಂದರೆ ಬೇಡ; ಅದರಲ್ಲಿ ಮೂರು ಎಂದಿದ್ದುದನ್ನು ಎರಡು ಮಾಡಬೇಕಿತ್ತು. ಮಾಡಿದೆ. ಅಂದಿನಿಂದ ಕಡಿದಿಲ್ಲ. ಒಂದು ಅಂಕಿ ಅಕ್ಕಾ, ಒಂದೇ ಒಂದು ಅಂಕಿಗಾಗಿ ಇಷ್ಟು ಜನರಿಂದ ಹೇಳಿಸಿಕೊಂಡೆ!

ಆದರೆ ಟೈಲರಮ್ಮನ ಲೆಕ್ಕ ಬಾಕಿ ಇತ್ತಲ್ಲ. ಡಾಕ್ಟರ ಜೊತೆ ಇನ್ನೊಂದು ಭೇಟಿ ಕೊಡಿಸಲೇಬೇಕೆಂದು ಮೇಲ್ವಿಚಾರಕರ ಬೆನ್ನು ಬಿದ್ದೆ. "ಅವರ ಮಗ ಆಪರೇಷನ್‌ಗೆ ಒಪ್ಪಿದ್ದಾನಲ್ಲ, ನಿಮಗೇನು?" ಅಂದರು. ಭೇಟಿ ಕೊಡಿಸುವವರೆಗೂ ಬೇರೆ ಕೆಲಸ ಮುಟ್ಟುವುದಿಲ್ಲ ಅಂದೆ. ಗೊಣಗುತ್ತಲೇ ಕೊಡಿಸಿದರು.

ಮೊನ್ನೆ ಡಾಕ್ಟರು ಹೇಳಿದ್ದೆಲ್ಲ ಆಕೆಗೆ ತಲುಪಿತು. ನೋವು ಹೋಗುತ್ತದೆ, ಆದರೆ ಹೆಬ್ಬೆರಳಿನ ಹಿಡಿತ ಮೊದಲಿನಂತೆ ಬಾರದೆಯೂ ಇರಬಹುದು. ಆಕೆ ಓದಿಕೊಂಡು ಸುಮ್ಮನಾದರು. ಕಾರ್ಡು ನಿದ್ದೆಹೋಗಲಿಲ್ಲ. ಪಕ್ಕದಲ್ಲಿದ್ದ ಮಗ, "ಅಮ್ಮಾ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು" ಅಂದದ್ದನ್ನೂ ಟೈಪ್ ಮಾಡಿದೆ. ಆಗ ಆಕೆ ಹೇಳಿದರು: "ಹೆಬ್ಬೆರಳು ನಂದು. ಸೂಜಿ ಹಿಡಿಯೋಳು ನಾನು. ನೋವು ಇದ್ರೆ ಇರ್ಲಿ, ಸದ್ಯಕ್ಕೆ ಆಪರೇಷನ್ ಬೇಡ. ಬೇರೆ ಏನಿದೆ ಅದನ್ನ ಹೇಳಿ ಡಾಕ್ಟ್ರೇ, ನನಗೇ ಹೇಳಿ."

ಡಾಕ್ಟರು ಹೇಳಿದರು. ಹೇಳಲೇಬೇಕಾಯಿತು. ಕುರ್ಚಿಯಿಂದ ಎದ್ದು ಕುಣಿಯಬೇಕು ಅನ್ನಿಸಿತು ನನಗೆ. ಮೇಲ್ವಿಚಾರಕರು ಮಾತ್ರ, "ಅಂತೂ ಲಿನಕ್ಸ್ ತೆಗೆಸಿದ್ರಿ, ಒಳ್ಳೇದಾಯ್ತು" ಅಂದರು. ಇಂಥವರಿಗೆ ಏನು ಹೇಳುವುದು!

ಭಾವನಿಗೆ ನಮಸ್ಕಾರ. ಪುಟ್ಟಿಗೆ ಕೆನ್ನೆ ತುಂಬ ಮುತ್ತು, ಅವಳು ನಿನ್ನಂತೆ ಗಟ್ಟಿಯಾಗಿ, ನೂರು ಕಾಲ ನಗುತ್ತಿರಲಿ.

ನಿನ್ನ
ವಟವಟಿ

ಮತ್ತೆ ಬರೆದದ್ದು: ಅಕ್ಕಾ, ಪತ್ರ ಮಡಿಸಿಟ್ಟವಳು ಮತ್ತೆ ಬಿಡಿಸಿದ್ದೇನೆ. ವೈಫೈ ಸರಿಹೋದ ಮೇಲೂ ನಡುನಡುವೆ ಮಾತು ತಪ್ಪುತ್ತಿದೆ. ಇಷ್ಟು ದಿನ ಎಲ್ಲವನ್ನೂ ಅದರ ತಲೆಗೇ ಕಟ್ಟುತ್ತಿದ್ದೆ. ನಿನ್ನೆ ಒಬ್ಬರು "ಸಾಕು" ಅಂದದ್ದನ್ನು "ಹಾಕು" ಎಂದು ಟೈಪ್ ಮಾಡಿದೆ. ಅದೇ ಕರೆಯಲ್ಲಿದ್ದ ಸಹೋದ್ಯೋಗಿಗೆ ಸ್ಪಷ್ಟವಾಗಿ ಕೇಳಿಸಿತ್ತಂತೆ. ಹೆಡ್‌ಫೋನಿನ ಎಡಬಲ ಅದಲುಬದಲು ಮಾಡಿ ನೋಡಿದೆ. ತಪ್ಪು ಹೆಡ್‌ಫೋನಿನದಲ್ಲ, ನನ್ನ ಎಡಗಿವಿಯದು. ಮನೆಯಲ್ಲಿ ಇವರಿಗಿನ್ನೂ ಹೇಳಿಲ್ಲ. ನಿನಗೆ ಶುರುವಾದದ್ದೂ ಹೀಗೆಯೇ? ಏನನ್ನೂ ಬಿಡದೆ ಬರೆ. ನಾನು ಹೆದರುತ್ತೇನೆಂದು ನಡುವೆ ಯಾವ ಮಾತನ್ನೂ ನುಂಗಬೇಡ.