ನೈಲಾನ್ ಸೀರೆಯ ಹುಯಿಲು

14-6-66, ಮಂಗಳವಾರ

ಬೆಳಗ್ಗೆ ದೋಸೆ. ಇವರಿಗೆ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟ್. ಆಮೇಲೆ ಬಟ್ಟೆ ಮಡಚಲು ಕೂತೆ — ನನ್ನ ನೈಲಾನ್ ಸೀರೆ ಜರಡಿಯಾಗಿದೆ! ಅಣ್ಣ ಬೊಂಬಾಯಿಯಿಂದ ತಂದ ಗುಲಾಬಿ ಸೀರೆ. ಸೆರಗಿನ ತುಂಬಾ ಸಾಸಿವೆಯಷ್ಟು ತೂತು, ಕಿಡಿ ಬಿದ್ದು ಸುಟ್ಟ ಹಾಗೆ. ಒಗೆದವಳು ಕನ್ನಮ್ಮ. ಶರಾವತಿ ಹಿನ್ನೀರಿಗೆ ಮನೆ-ಗದ್ದೆ ಹೋದ ಮೇಲೆ ಸಾಗರಕ್ಕೆ ಬಂದು, ನಮ್ಮ ಸಾಲುಮನೆಗಳ ಬಟ್ಟೆ ಒಗೆದು ಬದುಕುತ್ತಿದ್ದಾಳೆ. ಕರೆದು ಕೇಳಿದೆ. ಕೇಳಿದೆ ಎಂದರೆ... ಕಿರುಚಿದೆ.

“ಕಲ್ಲಿಗೆ ಬಡೀಲೇ ಇಲ್ಲ ಅಮಾ. ನೀರಲ್ಲಿ ಅದ್ದಿ ಹರವಿದ್ದು ಅಷ್ಟೆ. ನಾನೆಂತ ಮಾಡ್ಲಿ?”

ಅತ್ತಳು. ನಾನೂ ಅತ್ತೆ. ನನ್ನ ಅಳು ಸೀರೆಗೆ.

17-6-66

ಮನೆ ಓನರ್ ಯಮುನಮ್ಮನವರಲ್ಲೂ ಹಾಗೇ. ಪಂಚೆ, ರವಿಕೆ, ದಿಂಬಿನ ಚೀಲ. ಇಲಿಯಲ್ಲ, ಜಿರಲೆಯಲ್ಲ.

“ಮನೋರಮಾ, ಇದು ಮಾಟವೇ ಸೈ. ಅವ್ಳು ಮುಟ್ಟಿದ್ದೆಲ್ಲ ತೂತು ಬೀಳ್ತದೆ ಅಂದ್ರೆ ಎಂತ ಅರ್ಥ?”

ನನಗೆ ಮಾಟದಲ್ಲಿ ಅಂಥ ನಂಬಿಕೆಯಿಲ್ಲ. ಆದರೂ ಹೌದೆಂದೆ. ಸಿಟ್ಟು ಇಳಿದಿರಲಿಲ್ಲ. ಇನ್ನು ಬರಬೇಡ ಎಂದು ಕನ್ನಮ್ಮನಿಗೆ ಹೇಳಿದ್ದಾಯಿತು.

21-6-66, ಮಂಗಳವಾರ

ಯಮುನಮ್ಮನವರ ಜೊತೆ ಚೌಡಮ್ಮನ ಬನಕ್ಕೆ ಹೋಗಿ ಹುಯಿಲು, ಅಂದರೆ ದೇವರಿಗೇ ದೂರು, ಕೊಟ್ಟು ಬಂದೆ. ಪೊಲೀಸರಿಗೆ ಕೊಟ್ಟ ದೂರು ಫೈಲಿನಲ್ಲಿ ಕೊಳೆಯುತ್ತದೆ. ಅಮ್ಮನಿಗೆ ಕೊಟ್ಟದ್ದು ಹಾಗಲ್ಲವಂತೆ.

“ಹೆಸ್ರು ಬ್ಯಾಡ. ಶಿಕ್ಷೆ ಹೇಳಿ ಸಾಕು. ಯಾರು ಅಂತ ಅಮ್ಮಂಗೆ ಗೊತ್ತಿರ್ತದೆ” ಎಂದ ಪೂಜಾರಿ ಹುಲಿಯಪ್ಪ.

“ನನ್ನ ಸೀರೆ ಸುಟ್ಟವರ ಉಸಿರು ಕಟ್ಟಲಿ” ಎಂದೆ. ಬಾಯಿಗೆ ಬಂದದ್ದು ಅದು. ಬರುವ ಅಮಾವಾಸ್ಯೆಯೊಳಗೆ ಆಗುತ್ತದಂತೆ. ಮನಸ್ಸು ಹಗುರಾಯಿತು. ಇವರಿಗೆ ಹೇಳಲಿಲ್ಲ — ನಗುತ್ತಾರೆ.

3-7-66, ಭಾನುವಾರ

ಈಗ ಬಟ್ಟೆ ಒಗೆಯುವುದು ನಾನೇ. ನಿನ್ನೆ ನನ್ನ ಕೈಯಾರೆ ಒಗೆದೆ, ಕೈಯಾರೆ ಹರವಿದೆ. ಫ್ಯಾಕ್ಟರಿ ಹೊಗೆ ತಗ್ಗಿ ನಮ್ಮ ಸಾಲಿನ ಮೇಲೇ ಕೂತಿತ್ತು. ಜಿಟಿಜಿಟಿ ಹನಿ ಶುರುವಾಯಿತು. ಓಡಿಹೋಗಿ ತೆಗೆಯುವಷ್ಟರಲ್ಲಿ ನೆಂದಿತ್ತು. ಇವತ್ತು ನೋಡಿದರೆ ಲಂಗದಲ್ಲಿ ಅದೇ ತೂತು. ಹಿತ್ತಿಲ ದಾಸವಾಳದ ಎಲೆಯ ಮೇಲೂ ಸುಟ್ಟ ಚುಕ್ಕೆ. ಇಲ್ಲಿ ಕನ್ನಮ್ಮ ಎಲ್ಲಿದ್ದಳು?

ಲಂಗವನ್ನು ಇವರ ಮುಂದೆ ಹಿಡಿದೆ. ಮೈಲುತುತ್ತದ ಫ್ಯಾಕ್ಟರಿಯಲ್ಲಿ ಗಂಧಕದ ಒಲೆ ನೋಡಿಕೊಳ್ಳುವವರು ಇವರೇ. ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು.

“ಗಂಧಕ ಸುಟ್ಟ ಹೊಗೆ. ಚಿಮಣಿ ಗಿಡ್ಡ, ಪೈಪು ಸೋರ್ತದೆ. ಆ ಹೊಗೆ ಮಳೇಲಿ ಕರಗಿದ್ರೆ ಆಸಿಡ್ಡೇ ಮಾರಾಯ್ತಿ. ಜೋರು ಮಳೆಯಾದ್ರೆ ತೊಳ್ಕೊಂಡು ಹೋಗ್ತದೆ. ಹನಿಮಳೆ ಸುಡ್ತದೆ.”

“ಮೊದ್ಲೇ ಗೊತ್ತಿತ್ತಾ ನಿಮಗೆ?”

“ಯಾರಿಗೂ ಹೇಳ್ಬೇಡ. ಪರ್ಮನೆಂಟ್ ಆರ್ಡರ್ ಬರ್ಲಿ.”

ಅಡಿಕೆಗೆ ಕೊಳೆರೋಗ ಬಾರದಿರಲಿ ಎಂದು ಊರೆಲ್ಲ ಹೊಡೆಯುವ ಔಷಧಿ. ಊರು ಉಳಿಸುವ ಕೆಲಸ ಎಂದು ನಾನು ಜಂಬ ಪಡುತ್ತಿದ್ದೆ.

ಕೆಮ್ಮುತ್ತಾ ಮಲಗಿದರು. ಮಳೆಗಾಲದ ಕೆಮ್ಮು ಎಂದುಕೊಂಡಿದ್ದೆ. ಉಸಿರು ಕಟ್ಟಲಿ — ಹೇಳಿದವಳು ನಾನೇ. ಅಯ್ಯೋ ಚೌಡಮ್ಮಾ.

8-7-66, ಶುಕ್ರವಾರ

ಬನಕ್ಕೆ ಒಬ್ಬಳೇ ಹೋದೆ. ಹುಯಿಲು ವಾಪಸ್ ಬೇಕು ಎಂದೆ.

“ಯಾರ ಮ್ಯಾಲೆ ಅನ್ಮಾನ ಪಟ್ರೋ ಅವ್ರನ್ನ ಕರ್ಕಂಡ್ ಬನ್ನಿ. ಅವ್ರೆದುರೇ ನಿಜ ಹೇಳಿ ತಪ್ಪುಕಾಣಿಕೆ ಹಾಕ್ಬೇಕು” ಎಂದ ಹುಲಿಯಪ್ಪ.

ಅಂದರೆ ಕನ್ನಮ್ಮನ ಎದುರು, ಫ್ಯಾಕ್ಟರಿ ಹೊಗೆಯೆಂದು, ಬಾಯಿಬಿಟ್ಟು.

ಇವರಿಗೆ ಎಲ್ಲ ಹೇಳಿದೆ. ನಗಲಿಲ್ಲ. “ಹುಚ್ಚಾ ನಿಂಗೆ? ಕೆಲ್ಸ ಹೋಗ್ತದೆ” ಎಂದರು. ಅಷ್ಟು ಹೇಳುವುದರೊಳಗೆ ಏದುಸಿರು. ಕೆಮ್ಮಿಗೆ ಹೊಗೆ ಕಾರಣ, ದೇವರಲ್ಲ ಎನ್ನುತ್ತಾರೆ. ಇರಬಹುದು. ನನಗೆ ಎರಡರ ಭಯವೂ ಇದೆ.

13-7-66

ಕನ್ನಮ್ಮನಿಗೆ ಯಾರೂ ಬಟ್ಟೆ ಕೊಡುತ್ತಿಲ್ಲ. ಬಾವಿಕಟ್ಟೆಗೂ ಸೇರಿಸುವುದಿಲ್ಲ. ಇವತ್ತು ಇಕ್ಕೇರಿ ರಸ್ತೆಯಲ್ಲಿ ಎದುರಾದಳು. ತಲೆ ಮೇಲೆ ಹಳದಿ ಪುಡಿ.

“ನಿಮ್ಮನೆಯವ್ರೇ ಗಂಧಕ ಹೊರೋ ಕೆಲ್ಸ ಕೊಡ್ಸಿದ್ರು ಅಮಾ. ದೇವ್ರಂಥೋರು.”

ನಿಜ ಬಾಯಿಯವರೆಗೂ ಬಂತು. ನುಂಗಿಕೊಂಡೆ. ಥೂ ನನ್ನ ಜನ್ಮಕ್ಕೆ.

17-7-66, ಭಾನುವಾರ

ರಾತ್ರಿಯೆಲ್ಲ ಕೆಮ್ಮಿ ನಿದ್ದೆಯಿಲ್ಲ. ಬೆಳಗ್ಗೆ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಇವರೇ ಅಂದರು: “ನಾಳೆ ಕನ್ನಮ್ಮನ್ನ ಬನಕ್ಕೆ ಕರ್ಕೊಂಡು ಹೋಗಿ ಹೇಳಿಬಿಡು. ಆರ್ಡರ್ ಹಾಳಾಗಿ ಹೋಗ್ಲಿ.” ಭಾನುವಾರವೂ ಒಲೆ ಆರಿಸುವುದಿಲ್ಲ, ಡ್ಯೂಟಿಗೆ ಹೋದರು. ನೆಮ್ಮದಿಯಾಗಿ ಅನ್ನಕ್ಕಿಟ್ಟೆ. ನಾಳೆ ಅಮಾವಾಸ್ಯೆ. ಇನ್ನೂ ಹೊತ್ತಿದೆ.

ಮಧ್ಯಾಹ್ನ

ಹೊತ್ತಲ್ಲದ ಹೊತ್ತಿನಲ್ಲಿ ಫ್ಯಾಕ್ಟರಿ ಗಂಟೆ. ಪೈಪು ಒಡೆಯಿತಂತೆ. ಯಮುನಮ್ಮ ನೋಡಿಬರಲು ಓಡಿದ್ದಾರೆ. ನೀನು ಮನೆಯಲ್ಲೇ ಇರು ಎಂದರು. ಸುಮ್ಮನೆ ಕೂರಲಾರದೆ ಬರೆಯುತ್ತಿದ್ದೇನೆ.

ರಸ್ತೆಯಲ್ಲಿ ಯಾರೋ ಕೂಗಿ ಹೇಳುತ್ತಿದ್ದಾರೆ — ಒಲೆಮನೆಯೊಳಗೆ ಬಿದ್ದಿದ್ದ ಇವರನ್ನು ಎಳೆದು ತರಲು ಕನ್ನಮ್ಮ ಒಳಗೆ ನುಗ್ಗಿದಳಂತೆ. ಇಬ್ಬರನ್ನೂ ಹೊರಗೆ ತಂದು ಮಲಗಿಸಿದ್ದಾರಂತೆ. ಒಬ್ಬರಿಗೇ ಉಸಿರಿದೆಯಂತೆ.

ಆ ಉಸಿರು ಇವರದ್ದಿರಲಿ ಎಂದು ಬೇಡಿಕೊಂಡೆ. ಅಂದರೆ ಅವಳ ಉಸಿರು ಕಟ್ಟಲಿ ಎಂದು —