ಹಿತ್ತಲ ಲೋಟದ ಜ್ವಾಲಾಮುಖಿ

ಚಾಮರಾಜಪೇಟೆ
೨೮ ಆಗಸ್ಟ್ ೨೦೦೫

ಆತ್ರೇಯ,

ಕ್ಷೇಮ ಸಮಾಚಾರ ಆಮೇಲೆ. ಬಿಸಿಲು ಜಾಸ್ತಿ ಇರುವ ದೇಶಗಳಲ್ಲಿ ಭೂಮಿ ಕಾದು ಜ್ವಾಲಾಮುಖಿ ಸಿಡಿಯುತ್ತದೆ ಅಂತ ಮಗಳಿಗೆ ಹೇಳಿಕೊಟ್ಟವನು ನೀನೇ ತಾನೆ? ನಿನ್ನೆ ನಮ್ಮ ಶಾಲೆಯ ವಸ್ತುಪ್ರದರ್ಶನದಲ್ಲಿ ಅಕ್ಷಯಾ ಅದನ್ನೇ ಎಲ್ಲರೆದುರು ಒಪ್ಪಿಸಿದಳು. ಭೂಗೋಳದ ಮೇಡಂ ಮಗಳು! ತಿದ್ದಲು ಹೋದರೆ, "ಅಪ್ಪ ಹೇಳಿದ್ದು ಕಣಮ್ಮ, ಅಪ್ಪಂಗೆ ಎಲ್ಲಾ ಗೊತ್ತು" ಅಂತ ಬೇರೆ.

ಬಿಸಿಲಿನಿಂದ ಅಂತಾದರೆ ಹಿಮದ ಐಸ್‌ಲ್ಯಾಂಡ್ ಯಾಕೆ ಉರಿಯಬೇಕು, ರಾಯಚೂರು ಯಾಕೆ ಸುಮ್ಮನಿರಬೇಕು ಮಹರಾಯ? ಭೂಮಿಯ ಚಿಪ್ಪು ಒಡೆದ ಫಲಕಗಳದ್ದು. ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುವ ಕಡೆ ಬಂಡೆ ಕರಗಿ ಮೇಲೇರುತ್ತದೆ. ಅದಕ್ಕೇ ಜಪಾನ್, ಇಂಡೋನೇಷ್ಯಾ, ಚಿಲಿ, ಪೆಸಿಫಿಕ್ ಸುತ್ತ ಉದ್ದಕ್ಕೂ ಬೆಂಕಿ. ಈ ವರ್ಷ ಹೊಗೆಯುಗುಳಿದ ನಮ್ಮ ಅಂಡಮಾನಿನ ಬ್ಯಾರನ್ ದ್ವೀಪವೂ ಅಂಥ ಅಂಚಿನಲ್ಲೇ ಇದೆ. ಐಸ್‌ಲ್ಯಾಂಡಿನಲ್ಲಿ ಫಲಕಗಳು ದೂರ ಸರಿಯುತ್ತಿವೆ, ಆ ಬಿರುಕಿಗೆ ಬೆಂಕಿ ನುಗ್ಗುತ್ತದೆ. ಹವಾಯಿ ಮಾತ್ರ ಒಂದು ಫಲಕದ ನಡುಮಧ್ಯೆ ಇದೆ, ಆದರೂ ಆಳದ ಕಾವಿಗೆ ಅಲ್ಲಿ ತೂತು ಬಿದ್ದಿದೆ. ಬೆಂಗಳೂರು ಅಂಚಿನಿಂದ ದೂರ, ಇಲ್ಲಿಯ ಬ್ಯೂಗಲ್ ರಾಕ್ ಬಂಡೆ ತಣ್ಣಗೆ ಕೂತಿದೆ.

"ಬಿಂದು ಇದ್ದಕ್ಕಿದ್ದಂಗೆ ಸಿಡಿದು ಹೊರಟೋದ್ಲು" ಅಂತ ಗೆಳೆಯರ ಹತ್ತಿರ ಹೇಳಿಕೊಂಡು ತಿರುಗಿದೆಯಂತೆ. ಇದ್ದಕ್ಕಿದ್ದ ಹಾಗೆ ಯಾವುದೂ ಸಿಡಿಯುವುದಿಲ್ಲ ಕಣೋ.

ನೆನಪಿದೆಯಾ? ಮಲ್ಲೇಶ್ವರದ ನಿಮ್ಮ ಮನೆಯ ಪಾತ್ರೆಗಳ ಮೇಲೆಲ್ಲ 'ಗೋದಾ' ಅಂತ ನಿಮ್ಮಮ್ಮನ ಹೆಸರು ಕೊರೆದಿದೆ. ಒಂದು ಲೋಟಕ್ಕೆ ಮಾತ್ರ ಮೊಳೆಯಲ್ಲಿ ಗೀಚಿದ ಅಡ್ಡಗೆರೆ. ನನ್ನಮ್ಮ ಚಿಕ್ಕಮುನಿಯಮ್ಮ ಬಂದಾಗೆಲ್ಲ ಅದರಲ್ಲೇ ಕಾಫಿ. ಕುಡಿದು, ತಾನೇ ತೊಳೆದು, ಹಿತ್ತಲ ಕಟ್ಟೆಯ ಮೇಲೆ ಬೋರಲು ಹಾಕಬೇಕು. ಜಾತಿ ಸಾಯಲಿ ಅಂತ ಟೌನ್‌ಹಾಲ್ ಮುಂದೆ ನನ್ನ ಪಕ್ಕ ನಿಂತು ಕೂಗಿದವನು ನೀನು. ಅಡುಗೆಮನೆ ಬಾಗಿಲಲ್ಲಿ ನಿನಗೆ ಗಂಟಲೇ ಇರಲಿಲ್ಲ. ನಾನು ಅಮ್ಮನ ಮನೆಗೆ ಬಂದದ್ದು ಅದಕ್ಕೆ.

ಹೋದ ತಿಂಗಳು ಬಂದು, "ಆ ಲೋಟ ನಾನೇ ಎಸೆದೆ, ಅಮ್ಮ ಬದಲಾಗಿದಾರೆ, ಬಂದ್ಬಿಡು ಬಿಂದು" ಅಂದೆ. ಕಣ್ಣಲ್ಲಿ ನೀರು ಕೂಡ ತಂದೆ.

ಕೇಳು. ಹೋದ ಭಾನುವಾರ ನಿಮ್ಮಲ್ಲಿಗೆ ಬಂದಿದ್ದ ಮಗು ಅಲ್ಲೇ ಮಣ್ಣಿನ ಬೆಟ್ಟ ಮಾಡಿ, ಬಾಯಿಗೆ ಒಂದು ಲೋಟ ಹೂತುಕೊಂಡು ತಂದಿತ್ತಲ್ಲ, ನಿನ್ನೆ ಅದಕ್ಕೆ ಸೋಡಾ, ವಿನಿಗರ್, ಕೆಂಪು ಬಣ್ಣ ಸುರಿದಳು. ನೊರೆ ಉಕ್ಕಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಒದ್ದೆ ಮಣ್ಣು ಜಾರಿತು. ಒಳಗೆ ಆ ಅಡ್ಡಗೆರೆ!

ಯಾರು ಕೊಟ್ಟರೇ ಅಂದೆ. "ಅಜ್ಜಿ. ಒಳಗಿನ ಲೋಟ ಮುಟ್ಬೇಡ, ಹಿತ್ತಲಲ್ಲಿರೋದು ತಗೋ, ಅದು ಚಾಮರಾಜಪೇಟೆ ಅಜ್ಜೀದು ಅಂದ್ರು" ಅಂದಳು. ಅವಳಿಗೇನು ಗೊತ್ತು, ನಗುತ್ತಲೇ ಅಂದಳು.

ಬಿಸಿಲಿನ ಸುಳ್ಳು ನಿನ್ನ ದಡ್ಡತನ, ತಿದ್ದಿದ್ದೇನೆ. ಲೋಟದ ಸುಳ್ಳು ನಿನ್ನದೇ ಆಯ್ಕೆ. ನಾನು ಬರುವುದಿಲ್ಲ. ಬೇಕಿದ್ದರೆ ನೀನು ಬಾ. ಅಮ್ಮ ಕಾಫಿ ಕೊಡುತ್ತಾಳೆ, ಆ ಲೋಟದಲ್ಲೇ. ವಿನಿಗರ್ ವಾಸನೆ ಹೋಗುವ ಹಾಗೆ ತಿಕ್ಕಿಟ್ಟಿದ್ದೇನೆ. ಕುಡಿದ ಮೇಲೆ ನೀನೇ ತೊಳೆದಿಡು.

ಬಿಂದು

ಮರೆತಿದ್ದೆ: ಬರುವ ಭಾನುವಾರ ಅಕ್ಷಯಾಳನ್ನು ಬಿಡುವ ನೆಪದಲ್ಲಿ ನಾನೂ ಅಲ್ಲೇ ಉಳಿಯೋಣ ಅಂತ ಟ್ರಂಕು ಕಟ್ಟಿಟ್ಟಿದ್ದೆ. ಅಮ್ಮನಿಗೂ ಹೇಳಿರಲಿಲ್ಲ. ಇವತ್ತು ಬಿಚ್ಚಿದೆ.