ಬಿಡುಮನೆಯಲ್ಲಿ ನಾನು ಹೇಳಿದ ಸುಳ್ಳು

ಗಾಳಿಪೇಟೆ, ಗದಗ ಸೀಮೆ
ಫೆಬ್ರವರಿ ೩೦, ೨೧೯೪

ನೂರ ಎಪ್ಪತ್ತು ವರ್ಷ ಹಿಂದಿನ ಅಕ್ಕಂದಿರಿಗೆ,

ತಾರೀಖು ನೋಡಿ ನಗಬೇಡಿ, ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಇನ್ನೂ ಕೆಲವು ಮಾತು ನಿಮಗೆ ವಿಚಿತ್ರ ಎನಿಸಬಹುದು. ತಿಳಿದಷ್ಟು ಬಿಡಿಸಿ ಬರೆಯುತ್ತೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹತ್ತು ಗಂಟೆಗೆ ನನ್ನನ್ನು ಒಳಗೆ ಕರೆಯುತ್ತಾರೆ. ಅಷ್ಟರೊಳಗೆ ಇದು ಮುಗಿಯಬೇಕು.

ನಾನು ಮತ್ತು ಶಾವಂತ್ರಿ ಗಾಳಿಕಂಬದ ರೆಕ್ಕೆ ತೊಳೆಯುವವರು. ಹಗ್ಗ ಕಟ್ಟಿಕೊಂಡು ಇಳಿಯುತ್ತೇವೆ, ಧೂಳು ಒರೆಸುತ್ತೇವೆ, ಮಧ್ಯಾಹ್ನ ಕಂಬದ ನೆರಳಿನಲ್ಲಿ ರೊಟ್ಟಿ ತಿನ್ನುತ್ತೇವೆ. ಸಂಜೆ ಮಂಜುಬಲೆಯ ಮುಂದೆ, ಎಂದರೆ ಗಾಳಿಯಿಂದ ನೀರು ಹಿಡಿಯುವ ಬಲೆಯ ಮುಂದೆ, ಕೊಡ ಹಿಡಿದು ಸಾಲು ನಿಲ್ಲುತ್ತೇವೆ. ನಮ್ಮಿಬ್ಬರ ಮದುವೆ ದಾಖಲಾಗಿ ಆರು ವರ್ಷವಾಯಿತು. ಹೆಣ್ಣು ಹೆಣ್ಣನ್ನು ಮದುವೆಯಾಗಲು ನಮ್ಮ ಕಾಲದಲ್ಲಿ ಕಾಯಿದೆ ಅಡ್ಡ ಬರುವುದಿಲ್ಲ. ನೀರಿನ ಸಾಲು ಮಾತ್ರ ಬಿಡುವುದಿಲ್ಲ. ನಾವು ಬಂದರೆ ಮಾತು ನಿಲ್ಲುತ್ತದೆ. ಶಾವಂತ್ರಿಗೆ ಮೊದಲು ಗಂಡನಿದ್ದ, ಅವನೊಂದಿಗೂ ಪ್ರೀತಿಯಿಂದಲೇ ಬಾಳಿದ್ದಳು. "ಗಂಡಸಿನ ರುಚಿನೂ ಆತು, ಹೆಂಗಸಿನ ರುಚಿನೂ ಆತು. ಇನ್ನ ಯಾರ ಪಾಳಿ ಬೇ ಶಾವಂತ್ರಕ್ಕ?" ಎಂದು ಒಬ್ಬಳು ಕೇಳಿದರೆ ಉಳಿದವರು ಕೊಡಕ್ಕೆ ಮುಖವಿಟ್ಟು ನಗುತ್ತಾರೆ. ಶಾವಂತ್ರಿಯೂ ನಗುತ್ತಾಳೆ. ಹಾಗೆ ನಕ್ಕು, ಬಾಯಿ ತಪ್ಪದಂತೆ ತಾನು ಆಡುವ ಒಂದೊಂದು ಮಾತನ್ನೂ ದಿನವಿಡೀ ಕಾಯ್ದು, ಮನೆಗೆ ಬಂದು ಪಾಚಿಸಾರಾಯಿ ಕುಡಿಯುತ್ತಾಳೆ. ಅದು ಕೆರೆಯ ಪಾಚಿಯಿಂದ ಇಳಿಸಿದ್ದು. ಮೊದಮೊದಲು ಒಂದು ಲೋಟ. ಕೊನೆಗೆ ಹಗ್ಗದ ಮೇಲೆ ಕೈ ನಡುಗುವ ತನಕ ಬಂತು.

ನಾನೇ ಅವಳನ್ನು ಬಿಡುಮನೆಗೆ, ಕುಡಿತ ಬಿಡಿಸುವ ಈ ಮನೆಗೆ, ಕರೆತಂದೆ. ಇಲ್ಲಿ ಮೊದಲ ದಿನ ಕುಡಿಯುವವರು ಮಾತಾಡುವಂತಿಲ್ಲ. ಜೊತೆಗೆ ಬಂದವರು ಅವರ ಕೈ ಹಿಡಿದು, ತಾವು ಅವರಿಗೆ ಏನಾಗಬೇಕು ಎಂದು ಎಲ್ಲರ ಮುಂದೆ ಹೇಳಬೇಕು. ಹೇಳಿದಂತೆಯೇ ನಲವತ್ತು ದಿನ ಇಬ್ಬರನ್ನೂ ನಡೆಸಿಕೊಳ್ಳುತ್ತಾರೆ. ಅಂದು ಮೂವತ್ತು ಜನ ಕೂತಿದ್ದರು. ತಂದೆಯನ್ನು ಕರೆತಂದಿದ್ದ ನಮ್ಮ ನೀರಿನ ಸಾಲಿನವಳೊಬ್ಬಳೂ ಇದ್ದಳು. ಅವಳು ನಗುತ್ತಾಳೆಂದು ಹೆದರಿದೆ. ಇವಳು ನನ್ನ ತಂಗಿ ಎಂದುಬಿಟ್ಟೆ. ಸುಳ್ಳೆಂದು ಗೊತ್ತಿದ್ದ ಅವಳು ತಲೆ ತಗ್ಗಿಸಿ ನಕ್ಕಳೇ ಹೊರತು ಯಾರಿಗೂ ಹೇಳಲಿಲ್ಲ. ನನ್ನ ಕೈಯೊಳಗಿದ್ದ ಶಾವಂತ್ರಿಯ ಕೈ ಸಡಿಲವಾಯಿತು.

ಅಂದಿನಿಂದ ನಮಗೆ ಬೇರೆ ಬೇರೆ ಕೋಣೆ. "ತಂಗೀನ ಎಲ್ಲಿ ಕೊಟ್ಟೀರಿ? ಇಲ್ಲಂದ್ರ ವರ ನೋಡೂಣೇನ?" ಎಂದು ಅವಳೆದುರೇ ನನ್ನನ್ನು ಅಕ್ಕರೆಯಿಂದ ಕೇಳಿದರು. ಯಾಕೆ ಕುಡಿಯುತ್ತೀ ಎಂದು ಮನೆಯ ಹಿರಿಯಳಾದ ಮಾಬೂಬಿ ಚಿಗವ್ವ ದಿನಾ ಕೇಳಿದಳು. ನಿಜ ಹೇಳಿದರೆ ನನ್ನ ಸುಳ್ಳು ಬಯಲಾಗುತ್ತದೆಂದು ಶಾವಂತ್ರಿ ಸುಮ್ಮನಿದ್ದಳು. ಮಾತು ಕಾಯ್ದು ಕಾಯ್ದೇ ಕುಡಿತಕ್ಕೆ ಬಿದ್ದವಳಿಗೆ ಮತ್ತೆ ಮಾತು ಕಾಯುವ ಕೆಲಸವನ್ನೇ ಹಚ್ಚಿದ್ದೆ. ಹನ್ನೊಂದನೆಯ ದಿನ ಗೋಡೆ ಹಾರಿ ಹೋಗಿ ಕುಡಿದಳು. ರಕ್ತ ಕಾರಿಕೊಂಡಳು. ಇನ್ನೊಮ್ಮೆ ಕುಡಿದರೆ ಉಳಿಯುವುದಿಲ್ಲ ಎಂದರು ವೈದ್ಯರು.

ನಿನ್ನೆ ಚಿಗವ್ವನಿಗೆ ಎಲ್ಲ ಹೇಳಿಕೊಂಡೆ. ಅವಳು ಗದರಲಿಲ್ಲ.

"ನನಗೊಬ್ಬಾಕಿಗೆ ಹೇಳಿದ್ರ ಹೆಂಗ ಮಗಳ? ನಾಳೆ ಮತ್ತ ಎಲ್ಲಾರ ಮುಂದ ಆಕಿ ಕೈ ಹಿಡಕೊಂಡು ಕೂಡ್ರು. ಎರಡನೇ ಸಲ ಕೊಡ್ತೀವಿ, ಮೂರನೇದು ಇಲ್ಲ."

"ನಂಗ ಬಾಯೇ ಬರೂದಿಲ್ಲ ಚಿಗವ್ವ."

"ಹಂಗಾರ ಮೊದಲ ಬರದು ರೂಢಿ ಮಾಡ್ಕೋ. ನಿನ್ನ ಮುಖ ನೋಡಿ ನಗಾಕ ಆಗದಂಥವ್ರಿಗೆ ಬರಿ."

ಅದಕ್ಕೇ ನಿಮಗೆ ಬರೆದೆ. ನಿಮ್ಮಲ್ಲೂ ನಮ್ಮಂಥ ಜೋಡಿಗಳಿವೆ, ಕುಡಿತಕ್ಕೆ ಬಿದ್ದವಳೂ ಇರಬಹುದು. ಅವಳನ್ನು ಆಸ್ಪತ್ರೆಗೆ ಕರೆದೊಯ್ದಾಗ ಗೆಳತಿ, ಅಕ್ಕ, ಪಕ್ಕದ ಮನೆಯವಳು ಎಂದು ಹೇಳಿ ಪಾರಾಗಿರುತ್ತೀರಿ. ಎಲ್ಲರೆದುರು ನಿಜ ಹೇಳಿ ಎನ್ನಲು ನನಗೆ ಯೋಗ್ಯತೆಯಿಲ್ಲ. ಹೊಡೆಯುವವರು, ಮನೆಯಿಂದ ದಬ್ಬುವವರು ನಿಮ್ಮ ಸುತ್ತ ಇರಬಹುದು. ಔಷಧ ಕೊಡುವ ಒಬ್ಬರಿಗಾದರೂ ಹೇಳಿ. ನಿಮ್ಮ ಸುಳ್ಳನ್ನು ಅವಳು ಕಾಯುವಂತೆ ಮಾಡಬೇಡಿ.

ಶಾವಂತ್ರಿಯನ್ನು ತಂದು ಕೂರಿಸಿದ್ದಾರೆ. ಬಾಗಿಲಿನಿಂದ ಕಾಣುತ್ತಾಳೆ, ತುಂಬ ಸೊರಗಿದ್ದಾಳೆ. ನೀರಿನ ಸಾಲಿನವಳು ಈ ಸಲ ಮುಂದೆಯೇ ಕೂತಿದ್ದಾಳೆ. ಶಾವಂತ್ರಿ ನನ್ನ ಕಡೆ ನೋಡುತ್ತಿಲ್ಲ, ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡಿದ್ದಾಳೆ.

ನಾನು ಇವಳ ಹೆಂಡತಿ. ಇವಳು ನನ್ನ ಹೆಂಡತಿ.

ಬರೆಯುವಾಗ ತುಟಿಯೂ ಆಡಿತು. ಕರೆಯುತ್ತಿದ್ದಾರೆ, ಹೋಗುತ್ತೇನೆ.

ಫಕೀರವ್ವ